ಕಲ್ಯಾಣಪ್ಪ ಕಾಕಾ ಕೆತ್ತುವ ಮೂಗು
ಕುಸನೂರಿನಲ್ಲಿ ನಮ್ಮ ಪಕ್ಕದ ಮನೆಯ ಶಿಲ್ಪಿ ಕಲ್ಯಾಣಪ್ಪ ಕಾಕಾ ಅಮೃತಶಿಲೆಯಲ್ಲಿ ಯಾರನ್ನೇ ಕೆತ್ತಲಿ, ಗ್ರೀಕ್ ಮೂರ್ತಿಗಳಂಥ ನೇರ ಮೂಗು ಬಂದೇಬಿಡುತ್ತದೆ. ನಾನು ಒಣಹಾಕಿದ ಮಗಳ ಲಂಗೋಟಿಗಳಿಗೂ ಅವರ ಕಲ್ಲಿನ ಪುಡಿಯೇ ಪೌಡರು. ಕಮಲಾಪುರದ ಗಿರಾಕಿಯೊಬ್ಬರು, ‘ನಮ್ಮಪ್ಪನ ಮೂಗು ಬದನಿಕಾಯಿ ಇದ್ದಂಗಿತ್ತರೀ!’ ಎಂದರೆ, ಕಾಕಾ ‘ಕಲ್ಲಿನ್ಯಾಗರೆ ಚಂದ ಇರ್ಲಿ ಬಿಡ್ರಿ’ ಎನ್ನುತ್ತಾರೆ. ಹೋದ ವರ್ಷ ತೀರಿಕೊಂಡ ಹೆಂಡತಿ ಜಯದೇವಿಯವರನ್ನು ಮೂರು ಸಲ ಕೆತ್ತಿದರು. ಮೂರೂ ಸಲ ರೂಢಿಬಿದ್ದ ಕೈ ಆಕೆಯ ಚಪ್ಪಟೆ ಮೂಗನ್ನು ತಿದ್ದಿಬಿಟ್ಟಿತು. ‘ಯಾರೋ ರಾಣಿ ಕುಂತಂಗ ಕಾಣ್ತದ ನೋಡವಾ, ನನ್ನಾಕಿ ಸಿಗವಲ್ಲಳು’ ಎಂದು ಮೂರಕ್ಕೂ ಗೋಣಿಚೀಲ ಮುಚ್ಚಿದರು. ಇಂದು ನಾಲ್ಕನೆಯದರ, ಇನ್ನೂ ತಿದ್ದದೆ ಚಪ್ಪಟೆಯಾಗಿಯೇ ಇದ್ದ ಮೂಗಿಗೆ ಉಳಿ ತಾಗಿಸುವಷ್ಟರಲ್ಲಿ, ನನ್ನ ಸೊಂಟದ ಮೇಲಿದ್ದ ಮಗಳು ಬಾಗಿ, ಜಯದೇವಿ ಆಯಿ ಇದ್ದಾಗ ಅವರ ಮೂಗು ಹಿಡಿದು ಆಡುತ್ತಿದ್ದಂತೆಯೇ, ಆ ಕಲ್ಲಿನ ಮೂಗು ಹಿಡಿದು ನಕ್ಕಳು. ಕಾಕಾ ಉಳಿ ಕೆಳಗಿಟ್ಟರು. ‘ಸಾಕವಾ, ಇನ್ನ ಮುಟ್ಟಂಗಿಲ್ಲ.’