ಕಾಣುವ ತೇಪೆ

ನನ್ನ ಹೆಂಡತಿ ವಿಮಾನಕ್ಕೆ ತೇಪೆ ಹಾಕುತ್ತಾಳೆ ಎಂದರೆ ತಿರುಪ್ಪೂರಿನ ನಮ್ಮ ಬನಿಯನ್ ಕಂಪನಿಯವರು ನಗುತ್ತಾರೆ. ನಗಲಿ. ಬನಿಯನ್ ಹರಿದರೆ ಯಾರೂ ಆಕಾಶದಿಂದ ಬೀಳುವುದಿಲ್ಲ.

ಕಳೆದ ಆಷಾಢದಲ್ಲಿ, ಇಲ್ಲಿಯವರು ಹೇಳುವ ಆಡಿಗಾಳಿ ಹುಚ್ಚೆದ್ದು ಬೀಸಿತು. ಅವಳು ಕೆಲಸ ಮಾಡುವ ವಿಮಾನದ ಶೆಡ್ಡಿನ ದೊಡ್ಡ ಬಾಗಿಲು ಕಳಚಿ, ಎರಡು ಸೀಟಿನ ತರಬೇತಿ ವಿಮಾನದ ಬಾಲಕ್ಕೆ ಬಡಿಯಿತು. ಬಾಲದಲ್ಲಿ ಅತ್ತಿತ್ತ ತಿರುಗುವ ನೆಟ್ಟನೆಯ ಹಲಗೆಯೊಂದಿದೆ, ರಡ್ಡರ್. ಅದರ ಅಲ್ಯೂಮಿನಿಯಂ ತಗಡು ಸೀಳಿಹೋಯಿತು. ಸರಿಮಾಡುವ ಹೊಣೆ ಅವಳದು. ಅಲ್ಲಿ ಒಂದು ರೂಢಿಯಿದೆ: ರಿಪೇರಿ ಮಾಡಿದವರೇ ಮೊದಲ ಹಾರಾಟದಲ್ಲಿ ಪೈಲಟ್ ಪಕ್ಕ ಕೂರಬೇಕು. ಈ ರೂಢಿ ತಂದ ಪುಣ್ಯಾತ್ಮ ಕೈಗೆ ಸಿಕ್ಕಿದ್ದರೆ ನಾನು ಸುಮ್ಮನೆ ಬಿಡುತ್ತಿರಲಿಲ್ಲ.

ಭಾನುವಾರ ಅಮ್ಮನನ್ನು ಕರೆದುಕೊಂಡು, ಬುತ್ತಿ ಹಿಡಿದು ಹೋದೆ. ರಡ್ಡರನ್ನು ಬಿಚ್ಚಿಟ್ಟುಕೊಂಡು, ಸೀಳು ಇನ್ನೂ ಮುಂದಕ್ಕೆ ಓಡದಂತೆ ಅದರ ತುದಿಯಲ್ಲಿ ಪುಟ್ಟ ತೂತು ಕೊರೆದು, ಮೇಲೆ ಹೊಸ ತಗಡು ಕೂರಿಸಿದ್ದಳು. ಒಂದು ಕೈಯಲ್ಲಿ ತಗಡಿಗೆ ಗುಂಡುಮೊಳೆ ಬಡಿಯುವ ರಿವೆಟ್ ಗನ್ನು. ಇನ್ನೊಂದು ಕೈ ತಗಡಿನ ಹಿಂದೆ ಕಬ್ಬಿಣದ ತುಂಡನ್ನು ಒತ್ತಿ ಹಿಡಿದಿತ್ತು. ಬಡಿತದ ಸದ್ದು ಬದಲಾದ ಗಳಿಗೆಗೆ ಸರಿಯಾಗಿ ನಿಲ್ಲಿಸುತ್ತಿದ್ದಳು. ಎಂಥ ರಿವೆಟ್ಟಿನ ಸಾಲು ಅಂತೀರಿ! ಮದುವೆಯಾಗಿ ಇಷ್ಟು ವರ್ಷವಾದರೂ ಆ ಕೈ ನೋಡುತ್ತ ನಿಂತರೆ ನನ್ನ ಬಾಯಿ ಕಟ್ಟುತ್ತದೆ.

ಅಮ್ಮನ ಬಾಯಿ ಎಲ್ಲಿ ಕಟ್ಟಬೇಕು? ಮಗ್ಗದ ಮುಂದೆಯೇ ತಲೆ ನರೆತವಳು. ತಗಡಿನ ಮೇಲೆ ಅಂಗೈ ಆಡಿಸಿ, "ಏನಮ್ಮಾ ಇದು, ತೇಪೆ ಹಿಂಗೆ ಎದ್ದು ಕಾಣ್ತದೆ? ನಾನು ಸೀರೆ ಸರಿಮಾಡಿದ್ರೆ, ಎಲ್ಲಿ ಹರಿದಿತ್ತೂಂತ ಆ ಸೀರೆಗೇ ಮರ್ತುಹೋಗ್ಬೇಕು" ಎಂದಳು.

ಹೆಂಡತಿಯೂ ಮಗ್ಗದ ಮನೆಯವಳೇ. ತೇಪೆ ಕಂಡರೆ ಮಾನ ಹೋದಂತೆ ಎಂದು ಕೇಳಿಕೊಂಡೇ ಬೆಳೆದವಳು. ಅತ್ತೆಯ ಮಾತು ಚುರುಕ್ಕೆಂದಿತು. ಮರುದಿನ ತಗಡಿನ ಅಂಚಿಗೆಲ್ಲ ಪುಟ್ಟಿ ಮೆತ್ತಿ, ಉಜ್ಜಿ, ಬಣ್ಣ ಹೊಡೆದು ಫೋನಿನಲ್ಲಿ ಫೋಟೋ ತಂದಳು. ಎಲ್ಲಿ ಸೀಳಿತ್ತೋ ನನಗೂ ಗೊತ್ತಾಗಲಿಲ್ಲ. "ಅಪ್ಪಾಡಾ! ಕೈ ಅಂದ್ರೆ ಇದು" ಎಂದು ಅಮ್ಮ ಸೊಸೆಗೆ ನೆಟಿಕೆ ಮುರಿದಳು.

ಆದರೆ ಮತ್ತೆ ಜೋಡಿಸುವ ಮೊದಲು ರಡ್ಡರನ್ನು ತಕ್ಕಡಿಯ ಹಾಗೆ ಆನಿಸಿ ತೂಗುವುದು ನಿಯಮ. ತೂಗಿದಾಗ ಹಿಂದಿನ ಅಂಚು ಕೆಳಕ್ಕೆ ವಾಲಿತು. ಪುಟ್ಟಿಯ ಭಾರ! ಹಿಂಭಾರವಾದ ರಡ್ಡರು ವೇಗ ಹೆಚ್ಚಿದಾಗ ಪಟಪಟ ನಡುಗಿ ಕಿತ್ತೇ ಹೋಗಬಹುದು ಎಂದು ಅವಳು ಊಟಕ್ಕೆ ಕೂತಾಗ ಹೇಳಿದಳು.

"ಮುಂದ್ಗಡೆ ಒಂದಿಷ್ಟು ತೂಕ ಕಟ್ಟಿದ್ರೆ ಸಮ ಆಗಲ್ವಾ?" ಎಂದೆ.

"ಆಗ್ತದೆ. ಮುಚ್ಚಿಟ್ಟಿದ್ದೂ ಅಲ್ದೆ ಅದಕ್ಕೊಂದು ಎದುರುಭಾರ ಬೇರೆ ಕಟ್ಲಾ?" ಎಂದು ನನ್ನ ಮೇಲೆ ರೇಗಿದಳು. ಆಮೇಲೆ ಅಮ್ಮನ ಕಡೆ ತಿರುಗಿ, "ಅತ್ತೆ, ಸೀರೆ ಮರೀಬೋದು. ಇದು ಮರೀಬಾರ್ದು. ನಾಳೆ ಬೇರೆಯವ್ರು ನೋಡ್ದಾಗ ಎಲ್ಲಿ ಹರಿದಿತ್ತೂಂತ ಅವ್ರ ಕಣ್ಣಿಗೆ ಬೀಳ್ಬೇಕು" ಎಂದಳು.

ಅಮ್ಮ ಸೊಸೆಯ ಎಲೆಗೆ ಇನ್ನೊಂದು ಸೌಟು ಸಾರು ಬಡಿಸಿದಳು.

ಪುಟ್ಟಿಯನ್ನೆಲ್ಲ ಅವಳು ಕೆರೆದು ತೆಗೆದಳು. ಬಣ್ಣವನ್ನು ತೆಳ್ಳಗೆ ಹೊಡೆದು ತೂಗಿದಾಗ ರಡ್ಡರ್ ಸಮನಾಗಿ ನಿಂತಿತು. ತೇಪೆ ಮತ್ತೆ ಎದ್ದು ಕಂಡಿತು, ರಿವೆಟ್ಟಿನ ಸಾಲಿನ ಸಮೇತ.

ಹಾರುವ ದಿನ ಬೇಡವೆಂದರೂ ಅಮ್ಮ ಬಂದಳು. ಹೆಂಡತಿ ಜಡೆ ಬಿಗಿದು, ನಮ್ಮ ಕಡೆ ತಿರುಗಿಯೂ ನೋಡದೆ ಪೈಲಟ್ ಪಕ್ಕ ಹತ್ತಿ ಕೂತಳು. ಅಮ್ಮ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದಿದ್ದಳು. ಮೇಲೇರಿದ ವಿಮಾನ ತೆಂಗಿನ ತೋಟಗಳಾಚೆ ವೇಗ ಹೆಚ್ಚಿಸಿಕೊಂಡು, ತಿರುಗಿ, ಬಾಲ ಒಂದಿಷ್ಟೂ ಅದುರದೆ ನಮ್ಮ ತಲೆಯ ಮೇಲೆಯೇ ಹಾದುಹೋಯಿತು.

ಅಮ್ಮ ಹಣೆಗೆ ಕೈ ಅಡ್ಡ ಹಿಡಿದಳು. "ಡೇಯ್, ನಂಗೆ ಅಷ್ಟು ದೂರ ಕಣ್ಣು ಕಾಣಲ್ಲ. ನೀನಾದ್ರೂ ಸರಿಯಾಗಿ ನೋಡೋ. ನಮ್ಮ ತೇಪೆ ಕಾಣ್ತದಾ?"

ನನ್ನ ಕಣ್ಣಲ್ಲಿ ನೀರು ತುಂಬಿ ವಿಮಾನವೇ ಕಾಣುತ್ತಿರಲಿಲ್ಲ.

"ಚೆನ್ನಾಗೇ ಕಾಣ್ತದಮ್ಮಾ" ಎಂದೆ.