ಫ್ರಿಜ್ಜಿಗೆ ಹೋದ ಖಡಕ್ ರೊಟ್ಟಿ

ಗೆಳತಿಯರೇ, ನಮ್ಮ ಬೆಟಗೇರಿ ಓಣಿಯ ಇವತ್ತಿನ ರಾಜ್ಯೋತ್ಸವದ ಊಟಕ್ಕೆಂದು ಅತ್ತೆ ಬಡಿದಿಟ್ಟಿದ್ದ ನಲವತ್ತು ಖಡಕ್ ರೊಟ್ಟಿಗಳನ್ನು ನಾನೇ ಮೆತ್ತಗೆ ಮಾಡಿದೆ.

ಬೇಯಿಸಿದ್ದನ್ನು ಎರಡು ತಾಸಿಗಿಂತ ಹೆಚ್ಚು ಹೊರಗಿಡಬಾರದು ಎಂದು ಮೊಬೈಲಿನಲ್ಲಿ ಓದಿದ್ದೆ. ಕೂಸು ಹುಟ್ಟಿದಾಗಿನಿಂದ ನನಗೆ ನಿದ್ದೆಯಿಲ್ಲ, ಕಂಡದ್ದರಲ್ಲೆಲ್ಲ ಕ್ರಿಮಿ ಕಾಣುತ್ತವೆ. ನಿನ್ನೆ ಆ ರೊಟ್ಟಿ, ಗುರೆಳ್ಳು ಚಟ್ನಿಪುಡಿ ಎರಡನ್ನೂ ಫ್ರಿಜ್ಜಿಗೆ ತುರುಕಿದೆ. ಜಾಗ ಸಾಲದೆ ಹಾಲಿನ ಪಾತ್ರೆಯನ್ನು ಹೊರಗೆ ತೆಗೆದಿಟ್ಟೆ. ಬೆಳಿಗ್ಗೆ ನೋಡಿದರೆ ಹಾಲು ಒಡೆದಿತ್ತು, ರೊಟ್ಟಿ ಅರಿವೆಯಂತೆ ಮಡಚಿಕೊಳ್ಳುತ್ತಿತ್ತು.

"ಏನವ್ವಾ, ಎಂ.ಎಸ್ಸಿ. ಓದಿದಾಕಿ! ಕೆಡೂ ಹಾಲು ಹೊರಗ, ಕೆಡಲಾರದ ಒಣ ರೊಟ್ಟಿ ಒಳಗ?" ಅತ್ತೆ ಹಣೆ ಬಡಿದುಕೊಂಡು ನಕ್ಕರು. "ಚಟ್ನಿಗೆ ಉಪ್ಪು, ಖಾರ, ಬಳ್ಳೊಳ್ಳಿ ಕಾವಲಿರತಾವ. ಅದಕ್ಕ ತೇವ ಒಂದ ತಾಗಬಾರದು."

"ಈಗ ಏನ್ ಮಾಡೂನ್ರಿ ಅತ್ತಿ? ಸಂಜಿಕ ಓಣಿ ಮಂದಿ ಏನಂತಾರ?"

"ಮಾಳಗಿ ಮ್ಯಾಲ ಬಿಸಲಿಗೆ ಹಾಕು. ಸಂಜಿ ಅನ್ನೂದ್ರಾಗ ಕಟಂ ಅಂತಾವ."

ಈಗ ಮಾಳಿಗೆಯ ಮೇಲಿದ್ದೇನೆ. ರೊಟ್ಟಿ ಆಗಲೇ ಗರಿಗರಿಯಾಗುತ್ತಿವೆ. ಎಂಟು ತಿಂಗಳಲ್ಲಿ ಮೊದಲ ಸಲ ಕೂಸು ಹಗಲಿನಲ್ಲಿ ಎರಡು ತಾಸು ಮಲಗಿದೆ. ನಾನು ಕಾಗೆ ಓಡಿಸುತ್ತಾ ಎಚ್ಚರವಾಗಿದ್ದೇನೆ.