ಓಡದ ಗಾಡಿಗೆ ಪೂಜೆ

ನಮ್ ತಾತನ ಬೈಕು ಎಂಟು ವರ್ಷದಿಂದ ಮನೆ ಪಕ್ಕದ ಸಂದೀಲಿ ನಿಂತಿತ್ತು. ಚಾಮರಾಜಪೇಟೆ ಹಳೇ ಮನೆ ನಮ್ದು. ಗೋಡೆಗೂ ಕಾಂಪೌಂಡಿಗೂ ಮಧ್ಯ ಗಾಡಿ ನಿಲ್ಸಿದ್ರೆ ಪಕ್ಕದಲ್ಲಿ ಒಬ್ಬ ಮನುಷ್ಯ ಅಡ್ಡಡ್ಡ ನಡೆಯೋವಷ್ಟು ಜಾಗ. ಅಲ್ಲೇ ಗಾಡಿ, ಮೇಲೆ ಒಂದು ಹಳೇ ಜಮಖಾನ. ಮೈಸೂರಲ್ಲಿ ತಯಾರಾಗ್ತಿದ್ದ ಕಾಲದ ಗಾಡಿ ಅದು. ಸಿಲಿಂಡರ್ ಒಂದೇ, ಸೈಲೆನ್ಸರ್ ಮಾತ್ರ ಎರಡು. ಕಿಕ್ಕರ್ ಬೇರೆ ಗೇರ್ ಬೇರೆ ಇಲ್ಲ. ಒಂದೇ ಲಿವರ್, ಮೇಲೆತ್ತಿ ಒದ್ರೆ ಸ್ಟಾರ್ಟು, ಕೆಳಗಿಳಿಸಿದ್ರೆ ಗೇರು. ತಾತ ತರಗುಪೇಟೆ ಬೇಳೆ ಅಂಗಡೀಲಿ ಗುಮಾಸ್ತರಾಗಿದ್ರು, ದಿನಾ ಅದ್ರಲ್ಲೇ ಹೋಗ್ತಿದ್ರು. ಮೊಣಕಾಲು ಹೋಯ್ತು, ಗಾಡಿ ನಿಲ್ಸಿದ್ರು. ಅಷ್ಟೆ.

ನಾನು ಗ್ರಿಲ್ಲು ಗೇಟು ಮಾಡೋ ಅಂಗಡೀಲಿ ವೆಲ್ಡಿಂಗ್ ಮಾಡ್ತೀನಿ. ಎಸ್ಸೆಲ್ಸಿ ಎರಡು ಸಲ ಬರ್ದೆ, ಬಿಟ್ಟೆ. ಐಟಿಐ ಸೇರ್ದೆ, ಬಿಟ್ಟೆ. ಎಸಿ ರಿಪೇರಿ ಕಲಿಯೋಕೆ ಹೋದೆ, ಅದನ್ನೂ ಬಿಟ್ಟೆ. ನಾನೇನಾದ್ರೂ ಶುರು ಮಾಡಿದ್ರೆ ಮನೇಲಿ ಮೊದ್ಲು ಕೇಳೋದು ಎಷ್ಟು ದಿನ ಅಂತ. ಅವ್ರದ್ದೇನ್ ತಪ್ಪಿಲ್ಲ.

ಹೋದ ವರ್ಷ ಮಲ್ಲೇಶ್ವರದಿಂದ ಒಬ್ರು ಗಾಡಿ ನೋಡೋಕೆ ಬಂದ್ರು. ಅವ್ರದ್ದು ಕಾಫಿ ಅಂಗಡಿ. ಗೋಡೆಗೆ ಕಬ್ಬಿಣದ ಬ್ರ್ಯಾಕೆಟ್ ಹೊಡ್ದು ಗಾಡೀನ ಮೇಲೆ ನೇತಾಕ್ತಾರಂತೆ, ಕೆಳಗೆ ಲೈಟು. ಜನ ಫೋಟೋ ತೆಗೀಲಿ ಅಂತ. ತಾತ ಹೂಂ ಅನ್ನೋ ಹಾಗಿದ್ರು. ನನ್ಗೆ ಹೊಟ್ಟೆ ಉರೀತು. ಓಡೋ ವಸ್ತು ಅದು. ಅದನ್ನ ಕ್ಯಾಲೆಂಡರ್ ಥರ ಗೋಡೆಗೆ ಹಾಕೋದಾ? ನಾನು ಸರಿ ಮಾಡ್ತೀನಿ, ಕೊಡ್ಬೇಡಿ ಅಂದೆ. ತಾತ ನನ್ ಮುಖ ಒಂದು ಸಲ ನೋಡಿದ್ರು.

"ಆಯುಧಪೂಜೆವರ್ಗೂ ಟೈಮು. ಅಷ್ಟ್ರಲ್ಲಿ ಓಡಿದ್ರೆ ನಿಂದು. ಇಲ್ದಿದ್ರೆ ಅವ್ರು ತಗೊಂಡು ಹೋಗ್ಲಿ. ಓಡದ ಗಾಡಿಗೆ ಪೂಜೆ ಮಾಡಿ ಮಾಡಿ ಸಾಕಾಯ್ತು."

ಕಾಫಿ ಅಂಗಡಿಯವ್ರಿಗೂ ಅದನ್ನೇ ಹೇಳಿದ್ರು. ಅವ್ರು ನಗ್ತಾ, ಹಬ್ಬದ ದಿನ ಫೋನ್ ಮಾಡ್ತೀನಿ, ಮಾರನೇ ದಿನ ಟೆಂಪೋ ತರ್ತೀನಿ ಅಂದು ಹೋದ್ರು. ಆ ನಗು ನನ್ಗೆ ಹಿಡಿಸ್ಲಿಲ್ಲ.

ಕೈಗೆ ನಾಲ್ಕು ತಿಂಗ್ಳು. ಅಂಗಡಿ ಮುಗ್ಸಿ ಬಂದು ಸಾಯಂಕಾಲ ಒಂದ್ ಗಂಟೆ, ಭಾನುವಾರ ಪೂರ್ತಿ. ಮೊಬೈಲಲ್ಲಿ ವಿಡಿಯೋ ನೋಡ್ದೆ. ಎಲ್ಲಾ ಬರೀ ಪಾಲಿಶು, ಪೇಂಟು, ಟ್ಯಾಂಕ್ ಮೇಲೆ ಚಿನ್ನದ ಗೆರೆ. ಹಿಂದೆ ಮ್ಯೂಸಿಕ್ ಬೇರೆ. ನನ್ಗೆ ಗೆರೆ ಬೇಕಿರ್ಲಿಲ್ಲ, ಇಂಜಿನ್ ತಿರುಗ್ಬೇಕಿತ್ತು. ಅದು ಜಾಮ್ ಆಗಿ ಕೂತಿತ್ತು. ಸುತ್ತಿಗೆ ತಗೊಂಡೆ. ತಾತ ಕುರ್ಚಿಯಿಂದಾನೇ ಕೆಳಗಿಡು ಅಂದ್ರು. ಪ್ಲಗ್ ಬಿಚ್ಚು, ತೂತಲ್ಲಿ ಡೀಸೆಲ್ ಹಾಕು, ಮುಟ್ಬೇಡ ಅಂದ್ರು. ಎಷ್ಟು ದಿನ ಅಂದೆ. ಅದು ಬಿಡೋವರ್ಗೂ ಅಂದ್ರು. ಹನ್ನೊಂದು ದಿನ ಆಯ್ತು. ಹನ್ನೆರಡನೇ ದಿನ ಲಿವರ್ ಒತ್ತಿದ್ರೆ ಒಳ್ಗಡೆ ಏನೋ ಒಂಚೂರು ಜರುಗ್ತು. ನನ್ ಕಾಲಿಗೆ ಗೊತ್ತಾಯ್ತು. ಅವತ್ತು ಊಟ ಜಾಸ್ತಿ ಹೋಯ್ತು.

ಆಮೇಲೆ ಇಂಜಿನ್ ಇಳ್ಸಿ ಬಿಚ್ದೆ. ಪಿಸ್ಟನ್ ರಿಂಗು, ಪಾಯಿಂಟು, ವಾಶರ್‌ಗಳು ಎಲ್ಲಾ ಜೆ.ಸಿ. ರೋಡಲ್ಲಿ ಸಿಕ್ತು. ಕಾರ್ಬೊರೇಟರ್ ಮೂರು ಸಲ ತೊಳ್ದೆ. ಟ್ಯಾಂಕೊಳಗೆ ಜಲ್ಲಿಕಲ್ಲು ಹಾಕಿ ಅಲ್ಲಾಡ್ಸಿ ಅಲ್ಲಾಡ್ಸಿ ತುಕ್ಕು ತೆಗ್ದೆ, ಭುಜ ಬಿದ್ದೋಯ್ತು. ವೈರಿಂಗ್ ಹೊಸ್ದು ಎಳ್ದೆ, ಟೈರು ಬ್ರೇಕು ಹೊಸ್ದು ಹಾಕ್ದೆ. ಸೈಲೆನ್ಸರ್ ಎರಡೂ ನೋಡೋಕೆ ಚೆನ್ನಾಗೇ ಇತ್ತು, ಬಟ್ಟೇಲಿ ಒರ್ಸಿ ಪಕ್ಕಕ್ಕಿಟ್ಟಿದ್ದೆ. ಇಂಜಿನ್ ಕೂರ್ಸಿ ಹಾಗೇ ವಾಪಸ್ ಹಾಕ್ದೆ.

ಹಬ್ಬದ ಹಿಂದಿನ ದಿನ ಪೆಟ್ರೋಲಿಗೆ ಆಯಿಲ್ ಕಲ್ಸಿ ಹಾಕಿ ಒದ್ದೆ. ಒಂದ್ಸಲ ಬುಸ್ ಅಂತು, ಸತ್ತೋಯ್ತು. ಮತ್ತೆ ಒದ್ದೆ. ಕಾರ್ಬೊರೇಟರಿಂದ ವಾಪಸ್ ಮುಖಕ್ಕೆ ಪೆಟ್ರೋಲ್ ಉಗೀತು, ಸತ್ತೋಯ್ತು. ಪ್ಲಗ್ ತೆಗ್ದು ನೋಡಿದ್ರೆ ಸ್ಪಾರ್ಕ್ ನೀಲಿಗೆ ಬರ್ತಿದೆ. ಪೆಟ್ರೋಲ್ ಬರ್ತಿದೆ. ಕಂಪ್ರೆಷನ್ ಇದೆ. ಮತ್ತಿನ್ನೇನ್ ಬೇಕು ಅದಕ್ಕೆ? ಮಹಡಿ ಮೇಲೆ ಬಾಡಿಗೆಗಿರೋ ಫ್ರೆಂಡು ಬಟ್ಟೆ ಒಣಹಾಕ್ತಾ ನೋಡ್ತಿದ್ದ.

"ಮಗಾ, ಬಲಗಾಲೊಂದೇ ದಪ್ಪ ಆಗುತ್ತೆ ನೋಡ್ಕೋ. ಎಡಗಾಲಿಗೂ ಏನಾದ್ರೂ ಕೊಡು."

ಆ ಲಿವರ್ ಇರೋದು ಎಡಗಡೆ. ಹಾಗೇ ಹೇಳ್ದೆ, ಜೊತೆಗೆ ಇನ್ನೆರಡು ಮಾತು ಹೇಳ್ದೆ, ಅದನ್ನಿಲ್ಲಿ ಬರ್ಯಲ್ಲ. ಸ್ಪ್ಯಾನರ್ ಎಸ್ದು ಒಳಗೋದೆ. ಬಿಟ್ಟಿದ್ರ ಪಟ್ಟೀಲಿ ಇದೂ ಒಂದು ಅಂತ ಮಲ್ಕೊಂಡೆ.

ಪ್ರತಿ ವರ್ಷ ಆಯುಧಪೂಜೆ ದಿನ ನಾನು ಮನೇಲಿರಲ್ಲ. ಅಂಗಡೀಲಿ ಮಿಷಿನ್‌ಗಳಿಗೆಲ್ಲಾ ಪೂಜೆ ಇರುತ್ತೆ, ಬೆಳಗ್ಗೇನೇ ಹೋಗ್ಬೇಕು. ಆ ಸಲ ಓನರ್ ಮನೇಲಿ ಸೂತಕ, ಪೂಜೆ ಇರ್ಲಿಲ್ಲ. ಹಾಗಾಗಿ ಬೆಳಗ್ಗೆ ಹಲ್ಲುಜ್ತಾ ಸಂದೀಲಿ ನಿಂತಿದ್ದೆ. ಅಜ್ಜಿ ತಟ್ಟೆ ಹಿಡ್ಕೊಂಡು ಬಂದ್ಲು. ಹೆಡ್‌ಲೈಟಿಗೆ ವಿಭೂತಿ ಬಳುದ್ಲು, ಕುಂಕುಮ ಇಟ್ಲು, ಹ್ಯಾಂಡಲಿಗೆ ಸೇವಂತಿಗೆ ಹಾರ ಹಾಕುದ್ಲು. ಆಮೇಲೆ ಹಿಂದುಗಡೆ ಹೋಗಿ ಬಗ್ಗಿ, ಅರ್ಧ ಬಾಳೆಹಣ್ಣು ತಗೊಂಡು ಸೈಲೆನ್ಸರ್ ಬಾಯಿಗೆ ಒತ್ತಿ, ಅದಕ್ಕೆ ಎರಡು ಊದಿನಕಡ್ಡಿ ಚುಚ್ಚುದ್ಲು. ಇನ್ನರ್ಧ ಇನ್ನೊಂದು ಸೈಲೆನ್ಸರಿಗೆ.

ನಾನು ಬ್ರಷ್ ಬಾಯಲ್ಲಿಟ್ಕೊಂಡೇ ನಿಂತ್ಬಿಟ್ಟೆ.

"ಅಜ್ಜಿ, ಪ್ರತಿ ವರ್ಷ ಇಲ್ಲೇ ಇಡ್ತೀಯಾ?"

"ಮತ್ತೆಲ್ಲಿಡ್ಲಿ? ಹೊಗೆ ಬರೋ ಜಾಗ ತಾನೆ ಅದು. ಅಲ್ಲಿಂದ್ಲೇ ಬರ್ಲಿ ಅಂತ."

"ಹಳೇ ಹಣ್ಣು?"

"ಅದನ್ನ ಕಡ್ಡೀಲಿ ಒಳಗೆ ನೂಕ್ತೀನಿ. ದೇವ್ರಿಗಿಟ್ಟಿದ್ದನ್ನ ಕಸಕ್ಕೆ ಹಾಕ್ತಾರೇನೋ?"

ಎಂಟು ವರ್ಷ. ಎರಡೂ ಕಡೆ. ಒಂದಕ್ಕಿಟ್ಟು ಇನ್ನೊಂದಕ್ಕೆ ಬಿಟ್ರೆ ಚೆನ್ನಾಗಿರಲ್ಲ ಅಂತ ಅವಳೇ ಹೇಳುದ್ಲು.

ಬಾಯಿ ತೊಳ್ದೋನೇ ಎರಡೂ ಸೈಲೆನ್ಸರ್ ಬಿಚ್ದೆ. ಒಳಗಿನ ಕೊಳವೆ ಎಳ್ದು, ಅಂಗಡಿಯಿಂದ ತಂದಿದ್ದ ಉದ್ದನೇ ರಾಡ್ ಹಾಕಿ ಕುಟ್ದೆ. ಇಟ್ಟಿಗೆ ಥರ ಗಟ್ಟಿಯಾಗಿದ್ದ ಕಪ್ಪು ಮುದ್ದೆ ಬಂತು. ಬಾಳೆಹಣ್ಣು, ಊದಿನಕಡ್ಡಿ, ಹಳೇ ಆಯಿಲ್ ಮಸಿ, ಅದ್ರ ಹಿಂದೆ ಇಲಿ ತಂದಿಟ್ಟಿದ್ದ ಹತ್ತಿ, ಜಮಖಾನದ ಚೂರು. ಹೊಗೆ ಹೊರಗೋಗೋಕೆ ದಾರಿನೇ ಇಲ್ದಿದ್ರೆ ಇಂಜಿನ್ ಹೇಗೆ ಉಸಿರಾಡುತ್ತೆ? ಕಷ್ಟದ್ದೆಲ್ಲಾ ಬಿಚ್ಚಿ ನೋಡಿದ್ದೆ, ಸುಲಭದ್ದನ್ನ ಒರ್ಸಿ ಇಟ್ಟಿದ್ದೆ. ಬೈಯೋಕೆ ಬೇರೆ ಯಾರೂ ಇರ್ಲಿಲ್ಲ.

ತಾತ ಬಾಗಿಲಿಗೆ ಬಂದು ಆ ಮುದ್ದೆ ನೋಡಿದ್ರು. ನಿಮಗೆ ಇದು ಗೊತ್ತಿತ್ತಾ ಅಂದೆ.

"ನೋಡಿದ್ದೆ. ಓಡದ ಗಾಡಿ, ಹಣ್ಣು ತಿಂದ್ರೇನು ಬಿಟ್ರೇನು ಅನ್ಕೊಂಡೆ. ನೀನು ಇಲ್ಲೀವರ್ಗೂ ಬರ್ತೀಯಾ ಅಂತ ಅನ್ಕೊಂಡಿರ್ಲಿಲ್ಲ."

ಸೈಲೆನ್ಸರ್ ಹಾಕಿ ಲಿವರ್ ಎತ್ತಿ ಒದ್ದೆ. ಮೂರನೇ ಒದೆಗೆ ಹಿಡ್ಕೊಳ್ತು. ಸಂದಿ ಪೂರ್ತಿ ಬಿಳೀ ಹೊಗೆ, ಅದ್ರಲ್ಲಿ ಊದಿನಕಡ್ಡಿ ವಾಸನೆ ಬೇರೆ. ಮಹಡಿ ಫ್ರೆಂಡು ಕೆಮ್ತಾ ಇಳ್ದು ಬಂದ. ಅಜ್ಜಿ ಗಾಡಿಗೆ ಕೈ ಮುಗುದ್ಲು, ತನ್ನ ಪೂಜೆಯಿಂದ್ಲೇ ಓಡಿದ್ದು ಅಂದ್ಲು. ಮುಂದಿನ ಚಕ್ರದ ಕೆಳಗೆ ನಿಂಬೆಹಣ್ಣಿಟ್ಟು ಇದನ್ನ ಹತ್ತಿಸ್ಕೊಂಡು ಹೋಗು ಅಂದ್ಲು. ಎಂಟು ವರ್ಷ ಆಗಿತ್ತು ಆ ಚಕ್ರ ನಿಂಬೆಹಣ್ಣು ಹಿಂಡಿ.

ತಾತನ್ನ ಹಿಂದೆ ಕೂರ್ಸೋಕೆ ಐದು ನಿಮಿಷ ಹಿಡೀತು, ಕಾಲು ಮಡಚೋಕಾಗಲ್ಲ ಅವ್ರಿಗೆ. ತರಗುಪೇಟೆ ಕಡೆಗೆ ಬಿಡು ಅಂದ್ರು. ಹಬ್ಬದ ದಿನ, ಅಂಗಡಿ ಮುಂದೆಲ್ಲಾ ಒಡ್ದ ಬೂದುಗುಂಬಳ, ಅದನ್ನ ತಪ್ಪಿಸ್ಕೊಂಡು ನಿಧಾನ ಹೋದೆ. ಗೇರ್ ಹಾಕೋವಾಗೆಲ್ಲಾ ತಾತ ಹಿಂದೆ ಕೂತು ಎಡಗಾಲು ಒತ್ತೋರು. ಅವ್ರು ಕೆಲಸ ಮಾಡ್ತಿದ್ದ ಅಂಗಡಿ ಮುಂದೆ ನಿಲ್ಸಿದ್ವಿ, ಇಂಜಿನ್ ಆಫ್ ಮಾಡ್ಲಿಲ್ಲ, ಭಯ. ಅಲ್ಲಿ ತಾತನ ಜೇಬಲ್ಲಿ ಫೋನ್ ಹೊಡ್ಕೊಳ್ತು. ಮಲ್ಲೇಶ್ವರದವ್ರು. ನಾಳೆ ಟೆಂಪೋ ಎಷ್ಟೊತ್ತಿಗೆ ಕಳಿಸ್ಲಿ ಅಂತಿದ್ರು.

ತಾತ ಸೀಟ್ ಮೇಲೆ ಕೂತ್ಕೊಂಡೇ ಮಾತಾಡಿದ್ರು.

"ಗಾಡಿ ಮನೇಲಿಲ್ಲ ಸ್ವಾಮಿ. ಹೊರಗಡೆ ಹೋಗಿದೆ."

ಮಾರನೇ ದಿನ ಅಂಗಡೀಲಿ ಒಂದು ಗೇಣು ಕಂಬಿ ತಗೊಂಡು ಊದಿನಕಡ್ಡಿ ಸ್ಟ್ಯಾಂಡ್ ಮಾಡಿ ಹಿಂದಿನ ನಂಬರ್ ಪ್ಲೇಟ್ ಪಕ್ಕ ವೆಲ್ಡ್ ಹಾಕ್ದೆ. ಅಜ್ಜಿ ನೋಡಿ, ಪರ್ವಾಗಿಲ್ಲ ಅಂದ್ಲು.